ಅಪ್ಪನ ಹಳೇ ಲ್ಯಾಪ್‌ಟಾಪಿಗೆ ಯಾವ ಬ್ರೌಸರ್ ಹಾಕಲಿ? ಹಾಗೇ ನನಗೂ ಒಂದು ಹೇಳಿ

ಅಡಿಕೆಮಂಡಿ
ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು, ಆದರೆ ತಲೆ ಕೆಟ್ಟಿದೆ. ಅಪ್ಪ ಅಮ್ಮ ಸಾಗರದ ಹತ್ತಿರ ಊರಿನಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಅಪ್ಪನಿಗೆ ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದೇನೆ. 2016ರದ್ದು, 4 ಜಿಬಿ ರ‍್ಯಾಮ್, ವಿಂಡೋಸ್ 10. ಅವರು ಅದರಲ್ಲಿ ಮಾಡುವುದು ನಾಲ್ಕೇ ಕೆಲಸ. ಬೆಳಿಗ್ಗೆ ಇ-ಪೇಪರ್, ಆಮೇಲೆ ಅಡಿಕೆ ಧಾರಣೆ, ತಿಂಗಳಿಗೊಮ್ಮೆ ಬ್ಯಾಂಕು, ಯಾವಾಗಾದರೂ ಪಹಣಿ. ಸಂಜೆ ಯಕ್ಷಗಾನದ ವಿಡಿಯೊ. ಅಲ್ಲಿಗೆ ಐದಾಯಿತು, ಇರಲಿ.

ಕಳೆದ ವಾರ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. "ಕಂಪ್ಯೂಟರಿಗೆ ವೈರಸ್ ಬಂದಿದೆಯಂತೆ ಮಾರಾಯ, ಕೂಡಲೇ ಇದನ್ನು ಒತ್ತಿ ಅಂತ ಮೂಲೆಯಲ್ಲಿ ಬರ್ತಾ ಇದೆ, ಒತ್ತಲಾ?" ಎಂದರು. ಒತ್ತಬೇಡಿ, ಮುಚ್ಚಿಡಿ ಎಂದೆ. ಪಾಪ, ಅವರು ಪ್ಲಗ್ಗನ್ನೇ ಕಿತ್ತು ಮಲಗಿದ್ದಾರೆ. ಅದಲ್ಲದೆ ಯಾವ ಸೈಟ್ ತೆರೆದರೂ ಸುದ್ದಿಗಿಂತ ಜಾಹೀರಾತೇ ಜಾಸ್ತಿ, ಲ್ಯಾಪ್‌ಟಾಪ್ ಫ್ಯಾನ್ ರೈಸ್‌ಮಿಲ್ ತರ ಕೂಗುತ್ತದೆ.

ಈಗ ಇರುವುದು ಕ್ರೋಮ್. ಫೈರ್‌ಫಾಕ್ಸ್, ಬ್ರೇವ್, ಎಡ್ಜ್, ಈ ನಮ್ಮ ಕಡೆಯ ಉಲಾ, ಯಾವುದಕ್ಕೆ ಬದಲಾಯಿಸಲಿ? ನಾನೂ 2010ರಿಂದ ಕ್ರೋಮ್ ಬಿಟ್ಟು ಬೇರೆ ಮುಟ್ಟಿಲ್ಲ. ದೀಪಾವಳಿಗೆ ಊರಿಗೆ ಹೋಗುವಷ್ಟರಲ್ಲಿ ಒಂದು ತೀರ್ಮಾನ ಆಗಬೇಕು.

ಬೈಟು_ಕಾಫಿ
ಬ್ರೌಸರ್ ಬದಲಾಯಿಸುವ ಮುಂಚೆ ಒಂದು ನಿಮಿಷ. ಅಪ್ಪನಿಗೆ ಬಂದದ್ದು ವೈರಸ್ ಅಲ್ಲ. ಯಾವುದೋ ಸೈಟ್ "ನೋಟಿಫಿಕೇಶನ್ ಕಳಿಸಲೇ?" ಎಂದು ಕೇಳಿದೆ, ಅವರು ಹೂಂ ಎಂದು ಒತ್ತಿದ್ದಾರೆ. ಅದನ್ನು ಒತ್ತಿದರೆ ಮಾತ್ರ ಸುದ್ದಿ ಓದಬಹುದು ಎಂದು ಎಷ್ಟೋ ಜನ ತಿಳಿದಿರುತ್ತಾರೆ. ಆಮೇಲೆ ಆ ಸೈಟ್ ತೆರೆಯದಿದ್ದರೂ ಮೂಲೆಯಲ್ಲಿ ಬರುತ್ತಲೇ ಇರುತ್ತದೆ. ನೋಡುವವರಿಗೆ ವಿಂಡೋಸೇ ಹೇಳಿದ ಹಾಗೆ ಕಾಣುತ್ತದೆ, ಮೋಸ ಇರುವುದೇ ಅಲ್ಲಿ.

ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ, ಎಲ್ಲ ಅಳಿಸಿ. ಇನ್ನು ಮುಂದೆ ಯಾರೂ ಕೇಳಲೇಬಾರದು ಎಂಬ ಆಯ್ಕೆಯೂ ಅಲ್ಲೇ ಇದೆ, ಅದನ್ನು ಹಾಕಿ. ಫೋನಿನಲ್ಲಿ ಹೇಳಿದರೂ ಐದು ನಿಮಿಷದ ಕೆಲಸ. ಇದನ್ನು ಮಾಡದೆ ಹತ್ತು ಬ್ರೌಸರ್ ಬದಲಾಯಿಸಿದರೂ ಅಪ್ಪ ಅಲ್ಲಿಯೂ ಹೂಂ ಒತ್ತುತ್ತಾರೆ.

ಟಕ್ಸ್_ಪ್ರೇಮಿ
ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿ, ಮರೆತುಬಿಡಿ. ನನ್ನದು ಇಷ್ಟೇ.

ಗಾಳಿಪಟ
ಶುರುವಾಯಿತು ನೋಡಿ. ಯಾರಾದರೂ ಬ್ರೌಸರ್ ಅಂದರೆ ಸಾಕು, ಎರಡನೇ ಉತ್ತರ ಇದೇ. ಕ್ರೋಮ್‌ಗೂ ಯುಬ್ಲಾಕ್ ಇದೆ ಅಲ್ವಾ?

ಟಕ್ಸ್_ಪ್ರೇಮಿ
ಇತ್ತು. ಈಗ ಇರುವುದು ಅದರ ಲೈಟ್ ಆವೃತ್ತಿ ಮಾತ್ರ. ಮೊದಲು ಹೇಗಿತ್ತು ಅಂದರೆ, ಪುಟ ಕೇಳುವ ಒಂದೊಂದು ಫೈಲನ್ನೂ ಎಕ್ಸ್‌ಟೆನ್ಶನ್ ತಾನೇ ನೋಡಿ, ಇದು ಬರಲಿ ಇದು ಬೇಡ ಎಂದು ಆ ಕ್ಷಣವೇ ಹೇಳಬಹುದಿತ್ತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮದಲ್ಲಿ ಅದು ನಿಯಮಗಳ ಪಟ್ಟಿಯೊಂದನ್ನು ಬ್ರೌಸರ್ ಕೈಗೆ ಕೊಟ್ಟು ಸುಮ್ನೆ ಕೂರಬೇಕು, ತಡೆಯುವ ಕೆಲಸ ಬ್ರೌಸರ್ ಮಾಡುತ್ತದೆ. ಗೇಟಿನಲ್ಲಿ ವಾಚ್‌ಮನ್ ನಿಲ್ಲಿಸುವುದಕ್ಕೂ ಗೇಟಿಗೆ "ಇವರನ್ನು ಬಿಡಬೇಡಿ" ಎಂದು ಚೀಟಿ ಅಂಟಿಸುವುದಕ್ಕೂ ಇರುವಷ್ಟು ವ್ಯತ್ಯಾಸ. 2024ರಿಂದ 2025ರ ಒಳಗೆ ಕ್ರೋಮ್‌ನಲ್ಲಿ ಹಳೇ ಬಗೆಯವು ಒಂದೊಂದಾಗಿ ನಿಂತವು. ಫೈರ್‌ಫಾಕ್ಸ್ ಎರಡೂ ಬಗೆಯನ್ನು ಇಟ್ಟುಕೊಂಡಿದೆ.

ಬೈಟು_ಕಾಫಿ
ಸರಿಯಾಗಿಯೇ ಹೇಳಿದ್ದೀರಿ, ಆದರೆ ಗೂಗಲ್ ಕೊಟ್ಟ ಕಾರಣವನ್ನೂ ಹೇಳಬೇಕಲ್ಲ. ಪ್ರತಿಯೊಂದು ಫೈಲನ್ನೂ ನೋಡುವ ಅಧಿಕಾರ ಒಂದು ಒಳ್ಳೆಯ ಎಕ್ಸ್‌ಟೆನ್ಶನ್‌ಗೆ ಇದ್ದರೆ ಒಂದು ಕಳ್ಳ ಎಕ್ಸ್‌ಟೆನ್ಶನ್‌ಗೂ ಇರುತ್ತದೆ. ಅದು ಸುಳ್ಳೇನೂ ಅಲ್ಲ. ಜಾಹೀರಾತಿನಿಂದ ಬದುಕುವ ಕಂಪನಿಯೇ ಅದನ್ನು ಹೇಳಿದಾಗ ಜನ ನಗುತ್ತಾರೆ, ಅದು ಬೇರೆ ಮಾತು. ಅಪ್ಪನಂಥವರಿಗೆ ಲೈಟ್ ಕೂಡ ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬ್ರೇವ್‌ನಲ್ಲಿ ತಡೆಯುವ ಕೆಲಸ ಬ್ರೌಸರ್ ಒಳಗೇ ಇದೆ, ಅದು ಎಕ್ಸ್‌ಟೆನ್ಶನ್ ನಿಯಮಕ್ಕೆ ಸಿಗುವುದಿಲ್ಲ.

ಗಾಳಿಪಟ
ಬ್ರೇವ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. 2020ರಲ್ಲಿ ಅಡ್ರೆಸ್ ಬಾರಿನಲ್ಲಿ ಬೈನಾನ್ಸ್ ಎಂಬ ಕ್ರಿಪ್ಟೊ ವಹಿವಾಟಿನ ಸೈಟಿನ ಹೆಸರು ಟೈಪ್ ಮಾಡಿದರೆ ತಮ್ಮ ಕಮಿಷನ್ ಲಿಂಕನ್ನು ತಾವೇ ಸೇರಿಸುತ್ತಿದ್ದರು. ಸಿಕ್ಕಿಬಿದ್ದ ಮೇಲೆ ಕ್ಷಮೆ ಕೇಳಿ ತೆಗೆದರು. ಸ್ಥಾಪಕರಲ್ಲಿ ಒಬ್ಬರು ಬ್ರೆಂಡನ್ ಐಕ್, ಜಾವಾಸ್ಕ್ರಿಪ್ಟ್ ಬರೆದವರು, ಬುದ್ಧಿವಂತಿಕೆಯ ಬಗ್ಗೆ ಮಾತೇ ಇಲ್ಲ. ಆದರೆ ಹೊಸದಾಗಿ ಹಾಕಿದ ಕೂಡಲೇ ಕ್ರಿಪ್ಟೊ ವ್ಯಾಲೆಟ್, ರಿವಾರ್ಡ್ಸ್ ಎಂದೆಲ್ಲ ಕಾಣುತ್ತದೆ. ಅಡಿಕೆ ಧಾರಣೆ ನೋಡುವವರಿಗೆ ಅದೆಲ್ಲ ಯಾಕೆ ಬೇಕು? ಒಂದೊಂದೇ ಮುಚ್ಚುತ್ತಾ ಕೂರಬೇಕು.

ಕುಡ್ಲದ_ಬಿಸಿಲು
ನೀವೆಲ್ಲ ಈಗಿನ ಮಕ್ಕಳು ಮಾರಾಯ್ರೆ. ಬ್ರೌಸರ್ ಆಯ್ಕೆ ಅಂದರೆ ಏನು ಅಂತ ನಮಗೆ ಗೊತ್ತಿತ್ತು. ಬಟನ್ ಫೋನಿನಲ್ಲಿ ಕನ್ನಡ ಪುಟ ತೆರೆದರೆ ಬರೀ ಚೌಕ ಚೌಕ. ಆಗ ಒಪೇರಾ ಮಿನಿ ಹಾಕುವುದು, ಅಡ್ರೆಸ್ ಜಾಗದಲ್ಲಿ ಒಪೇರಾ, ಕೋಲನ್, ಕಾನ್ಫಿಗ್ ಎಂದು ಹೊಡೆಯುವುದು, ಪುಟದ ಕೊನೆಗೆ ಹೋಗಿ ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಫಾಂಟ್ ಎಂಬಲ್ಲಿ "ಯೆಸ್" ಕೊಡುವುದು. ಅಷ್ಟು ಮಾಡಿ ಮತ್ತೆ ತೆರೆದರೆ ಒತ್ತಕ್ಷರ ಸಮೇತ ಕನ್ನಡ! ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಮಾಡಿಕೊಟ್ಟಿದ್ದೇನೆ. ಮೊದಲ ಆಂಡ್ರಾಯ್ಡ್ ಫೋನ್ ತೆಗೆದುಕೊಂಡಾಗಲೂ ಕನ್ನಡಕ್ಕೆ ಇದೇ ಗತಿ, ಇದೇ ಮದ್ದು.

ಅಡಿಕೆಮಂಡಿ
ಅಯ್ಯೋ, ಅದು ನನಗೂ ನೆನಪಿದೆ! ಹಾಸ್ಟೆಲಿನಲ್ಲಿ ಒಬ್ಬ ಸೀನಿಯರ್ ಎಲ್ಲರಿಗೂ ಮಾಡಿಕೊಡುತ್ತಿದ್ದ, ಬದಲಿಗೆ ಒಂದು ಚಹಾ. ಅದು ಹೇಗೆ ಕೆಲಸ ಮಾಡುತ್ತಿತ್ತು ಅಂತ ಮಾತ್ರ ಇವತ್ತಿಗೂ ತಿಳಿದಿಲ್ಲ.

ಬೈಟು_ಕಾಫಿ
ಒಪೇರಾ ಮಿನಿ ಪುಟವನ್ನು ನಿಮ್ಮ ಫೋನಿನಲ್ಲಿ ಕಟ್ಟುತ್ತಿರಲಿಲ್ಲ. ಅವರ ಸರ್ವರ್ ಪುಟವನ್ನು ತರಿಸಿಕೊಂಡು, ಹಿಂಡಿ ಸಣ್ಣದು ಮಾಡಿ ಕಳಿಸುತ್ತಿತ್ತು. ಆ ಆಯ್ಕೆ ಹಾಕಿದರೆ ಕನ್ನಡ ಅಕ್ಷರಗಳನ್ನು ಸರ್ವರಿನಲ್ಲೇ ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬರದಿದ್ದರೂ ಚಿತ್ರ ತೋರಿಸಲು ಬರುತ್ತಿತ್ತಲ್ಲ, ಅಷ್ಟೇ ಉಪಾಯ. ಅಂದರೆ ನೀವು ನೋಡಿದ್ದೆಲ್ಲ ಅವರ ಸರ್ವರ್ ಮೂಲಕವೇ ಹೋಗುತ್ತಿತ್ತು. ಆಗ ಯಾರೂ ಅದರ ಬಗ್ಗೆ ಚಿಂತೆ ಮಾಡಲಿಲ್ಲ, ಕನ್ನಡ ಕಂಡಿತಲ್ಲ ಎಂದು ಖುಷಿಪಟ್ಟೆವು.

ಒಪೇರಾ ಎಂದಾಗ ಇನ್ನೊಂದು ನೆನಪಾಯಿತು. ಪುಟವನ್ನು ಕಟ್ಟಿ ತೋರಿಸಲು ಅವರದ್ದೇ ಪ್ರೆಸ್ಟೊ ಎಂಬ ಎಂಜಿನ್ ಇತ್ತು, 2013ರಲ್ಲಿ ಬಿಟ್ಟರು. ಮೈಕ್ರೋಸಾಫ್ಟ್ ಕೂಡ ಕೈಚೆಲ್ಲಿ, 2020ರ ಜನವರಿಯಲ್ಲಿ ಎಡ್ಜ್ ಅನ್ನು ಕ್ರೋಮ್‌ಗೂ ತಳಹದಿಯಾದ ಕ್ರೋಮಿಯಂ ಮೇಲೆ ಹೊಸದಾಗಿ ತಂದಿತು. ಬ್ರೇವ್, ವಿವಾಲ್ಡಿ, ಉಲಾ ಎಲ್ಲ ಕ್ರೋಮಿಯಂ. ಹತ್ತು ಹೋಟೆಲ್ ಬೋರ್ಡು ಇದೆ, ದೋಸೆ ಹಿಟ್ಟು ಮಾತ್ರ ಒಂದೇ ಮನೆಯಿಂದ ಬರುತ್ತಿದೆ. ಚಟ್ನಿ ಬೇರೆ, ತಟ್ಟೆ ಬೇರೆ. ನಿಜವಾಗಿ ಬೇರೆ ಹಿಟ್ಟು ಬೇಕು ಅಂದರೆ ಫೈರ್‌ಫಾಕ್ಸಿನ ಗೆಕೊ, ಇಲ್ಲವೇ ಆಪಲ್‌ನ ವೆಬ್‌ಕಿಟ್. ಆ ವೆಬ್‌ಕಿಟ್‌ಗೂ ಕ್ರೋಮ್‌ಗೂ ಅಜ್ಜ ಒಬ್ಬನೇ, ಲಿನಕ್ಸ್‌ನಲ್ಲಿ ಕೆಡಿಇ ಬಳಗದವರು ಬರೆದ ಕೆಎಚ್‌ಟಿಎಂಎಲ್. 2013ರಲ್ಲಿ ಗೂಗಲ್ ಬ್ಲಿಂಕ್ ಎಂದು ಬೇರೆ ಮನೆ ಮಾಡಿತು.

ಸೈಬರ್_ಸೆಂಟರ್_ಅಣ್ಣ
ಹುಬ್ಬಳ್ಳಿ ಕಡೆ ಆನ್‌ಲೈನ್ ಅರ್ಜಿ ಹಾಕುವ ಅಂಗಡಿ ನನ್ನದು. ಹಿಟ್ಟಿನ ಕತೆ ನಮಗೆ ಬೇಡ ರೀ, ಫಾರ್ಮ್ ಸಬ್ಮಿಟ್ ಆದರೆ ಸಾಕು. ದಿನಕ್ಕೆ ನಲವತ್ತು ಐವತ್ತು ಅರ್ಜಿ ಹಾಕುತ್ತೇನೆ, ನನ್ನ ಅನುಭವ ಕೇಳಿ.

ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿದ ಬ್ರೌಸರಿನಲ್ಲಿ ದುಡ್ಡು ಕಟ್ಟುವ ಪುಟ ತೆರೆಯಬೇಡಿ. ಪೇಮೆಂಟ್ ಕಿಟಕಿ ಬೇರೆಯಾಗಿ ತೆರೆಯುತ್ತದೆ, ಪಾಪ್‌ಅಪ್ ಎಂದು ಅದನ್ನು ತಡೆದರೆ ಹಣ ಹೋಯಿತೋ ಇಲ್ಲವೋ ಎಂದೇ ತಿಳಿಯುವುದಿಲ್ಲ. ಒಮ್ಮೆ ಒಬ್ಬ ಹುಡುಗನ ಪರೀಕ್ಷಾ ಶುಲ್ಕ ಹೀಗೇ ನಡುವೆ ಸಿಕ್ಕಿಕೊಂಡಿತು, ಕೊನೆಯ ದಿನ ಬೇರೆ. ಖಾತೆಯಿಂದ ಕಡಿತ ಆಗಿದೆ, ಅರ್ಜಿಯಲ್ಲಿ ಬಾಕಿ ಎಂದೇ ಇದೆ. ಮತ್ತೆ ನನ್ನ ಕೈಯಿಂದ ಕಟ್ಟಿದೆ. ಎಂಟು ದಿನದ ಮೇಲೆ ಮೊದಲಿನದ್ದು ವಾಪಸ್ ಬಂತು. ಅವನು ಅದನ್ನು ತಂದುಕೊಟ್ಟ ಅನ್ನಿ, ಒಳ್ಳೆ ಹುಡುಗ.

ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಇವೆಲ್ಲ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಇಟ್ಟುಕೊಂಡು ಅದರ ಮೂಲಕ ಸೈಟಿನ ಜೊತೆ ಮಾತಾಡುತ್ತವೆ. ಬ್ರೌಸರ್ ಜಾಸ್ತಿ ಬಿಗಿಯಾದರೆ ಆ ಮಾತುಕತೆಯೇ ನಿಲ್ಲುತ್ತದೆ. ಇನ್ನು ಒಂದೆರಡು ಹಳೇ ಪೋರ್ಟಲ್‌ಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದವು. ಆ ಬ್ರೌಸರ್ 2022ರ ಜೂನ್ 15ಕ್ಕೆ ನಿವೃತ್ತಿ ಆಯಿತು, ಪೋರ್ಟಲ್‌ಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಅದಕ್ಕೆ ಎಡ್ಜ್‌ನಲ್ಲಿ ಐಇ ಮೋಡ್ ಇದೆ, ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ನನ್ನ ಅಂಗಡಿಯಲ್ಲಿ ಮೂರು ಬ್ರೌಸರ್. ಒಂದೇ ಸಾಕು ಅನ್ನುವವರು ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಲಿ.

ಟಕ್ಸ್_ಪ್ರೇಮಿ
ಅಣ್ಣ, ಆ ಒಂದು ಸೈಟಿಗೆ ಮಾತ್ರ ಬ್ಲಾಕರ್ ಆಫ್ ಮಾಡಬಹುದಲ್ಲ, ಒಂದು ಕ್ಲಿಕ್.

ಸೈಬರ್_ಸೆಂಟರ್_ಅಣ್ಣ
ನಿಮಗೆ ಒಂದು ಕ್ಲಿಕ್ ತಮ್ಮ. ಎದುರಿಗೆ ಏಳು ಜನ ನಿಂತು "ಆಯ್ತೇನ್ರೀ" ಅಂತಿರುವಾಗ ಅದೂ ನೆನಪಾಗುವುದಿಲ್ಲ. ಇವರ ಅಪ್ಪನಿಗೆ ಅದು ಗೊತ್ತೇ ಇರುವುದಿಲ್ಲ.

ಜೋಳದ_ರೊಟ್ಟಿ
ನಾನು ಶಾಲಾ ಶಿಕ್ಷಕಿ. ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಒಂದೇ ಕಂಪ್ಯೂಟರ್. ಯಾರೋ ಒಬ್ಬರು ಕ್ರೋಮ್‌ಗೆ ಲಾಗಿನ್ ಆಗಿ ಹಾಗೇ ಹೋಗಿರುತ್ತಾರೆ, ಮುಂದಿನವರ ಪಾಸ್‌ವರ್ಡ್ ಎಲ್ಲ ಅವರ ಖಾತೆಯಲ್ಲಿ ಉಳಿಯುತ್ತದೆ. ಒಮ್ಮೆ ನನ್ನ ಬ್ಯಾಂಕ್ ಯೂಸರ್ ಐಡಿ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ ತಾನಾಗಿ ಬಂತು. ಅವರೇ ಗಾಬರಿಯಾಗಿ ತೋರಿಸಿದರು. ಅಂದಿನಿಂದ ನಾನು ಇನ್‌ಕಾಗ್ನಿಟೊ ಬಿಟ್ಟು ಬೇರೆ ತೆರೆಯುವುದಿಲ್ಲ. ಅದು ಸರಿ ತಾನೇ?

ಬೈಟು_ಕಾಫಿ
ಮೇಡಂ, ಆ ಕಂಪ್ಯೂಟರಿನಲ್ಲಿ ಮುಂದೆ ಕೂರುವವರಿಂದ ಮುಚ್ಚಿಡಲು ಸರಿ. ಕೆಲಸ ಮುಗಿದ ಮೇಲೆ ಆ ಕಿಟಕಿಗಳನ್ನೆಲ್ಲ ಮುಚ್ಚಲು ಮರೆಯಬೇಡಿ, ಒಂದು ತೆರೆದಿದ್ದರೂ ಲಾಗಿನ್ ಉಳಿದಿರುತ್ತದೆ. ಆದರೆ ನೀವು ಹೋದ ಸೈಟಿಗೆ, ಶಾಲೆಯ ನೆಟ್‌ವರ್ಕಿಗೆ, ಇಂಟರ್‌ನೆಟ್ ಕೊಡುವ ಕಂಪನಿಗೆ ಎಲ್ಲ ಎಂದಿನಂತೆ ಕಾಣುತ್ತದೆ. ಜನ ಅದನ್ನು ಮಾಯದ ಕಂಬಳಿ ಅಂದುಕೊಂಡಿದ್ದಕ್ಕೇ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಕೇಸು ಬಿತ್ತು. 2024ರಲ್ಲಿ ರಾಜಿಯಾಗಿ, ಕೂಡಿಟ್ಟ ಮಾಹಿತಿ ಅಳಿಸಲು ಮತ್ತು ಎಚ್ಚರಿಕೆಯ ಮಾತನ್ನು ಇನ್ನೂ ಸ್ಪಷ್ಟ ಮಾಡಲು ಒಪ್ಪಿದರು. ನಿಮ್ಮ ಸ್ಟಾಫ್‌ರೂಮಿಗೆ ಗೆಸ್ಟ್ ಪ್ರೊಫೈಲ್ ಇನ್ನೂ ಒಳ್ಳೆಯದು.

ಗಾಳಿಪಟ
ಉಲಾ ಬಗ್ಗೆ ಯಾರೂ ಹೇಳಲಿಲ್ಲ. ಜೊಹೊ ಕಂಪನಿಯದ್ದು, 2023ರಲ್ಲಿ ಬಂತು. ಕೇಂದ್ರ ಸರ್ಕಾರ ನಡೆಸಿದ ಭಾರತೀಯ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಮೊದಲ ಬಹುಮಾನ ಇದಕ್ಕೇ, 1 ಕೋಟಿ ರೂಪಾಯಿ. ನಾನು ಎರಡು ತಿಂಗಳಿನಿಂದ ಬಳಸುತ್ತಿದ್ದೇನೆ. ಕೆಲಸಕ್ಕೊಂದು, ಮನೆಗೊಂದು, ಮಕ್ಕಳಿಗೊಂದು ಎಂದು ಬೇರೆ ಬೇರೆ ಮೋಡ್ ಇದೆ. ಅದೇ ನನಗೆ ಹಿಡಿಸಿದ್ದು. ಮಗಳು ಹೋಂವರ್ಕ್ ಎಂದು ಕೂತಾಗ ಮಕ್ಕಳ ಮೋಡ್ ಹಾಕಿ ಕೊಡುತ್ತೇನೆ.

ಟಕ್ಸ್_ಪ್ರೇಮಿ
ಆ ಸ್ಪರ್ಧೆಯ ಹಿಂದೆ ಇನ್ನೊಂದು ಕತೆ ಇದೆ. ಸೈಟ್ ಅಸಲಿ ಎಂದು ಹೇಳುವ ಪ್ರಮಾಣಪತ್ರಗಳನ್ನು ಯಾರು ಕೊಟ್ಟರೆ ನಂಬಬೇಕು ಎಂಬ ಪಟ್ಟಿ ಪ್ರತಿ ಬ್ರೌಸರಿನಲ್ಲೂ ಇರುತ್ತದೆ. ನಮ್ಮ ದೇಶದಲ್ಲಿ ಪ್ರಮಾಣಪತ್ರ ಕೊಡುವವರನ್ನು ನಿಯಂತ್ರಿಸುವ ಸಿಸಿಎ ಎಂಬ ಸರ್ಕಾರಿ ಕಚೇರಿಯ ಮೂಲ ಪ್ರಮಾಣಪತ್ರವನ್ನು ನಂಬುವ ಬ್ರೌಸರ್ ಬೇಕು ಎಂಬುದು ಸ್ಪರ್ಧೆಯ ಷರತ್ತು. ಅದಕ್ಕೆ ಹಿನ್ನೆಲೆ 2014ರದ್ದು. ಆ ವರ್ಷ ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು, ಕ್ರೋಮ್ ಆಮೇಲೆ ಭಾರತದ ಪ್ರಮಾಣಪತ್ರಗಳನ್ನು ಕೆಲವೇ ವಿಳಾಸಗಳಿಗೆ ಸೀಮಿತ ಮಾಡಿತು. ಹಾಗಾಗಿ ಸ್ವದೇಶಿ ಎಂದ ಕೂಡಲೇ ನಾನು ಜೈ ಅನ್ನುವುದಿಲ್ಲ. ಪಟ್ಟಿಯಲ್ಲಿ ಯಾರಿದ್ದಾರೆ, ಅವರ ಮೇಲೆ ಕಣ್ಣಿಡುವವರು ಯಾರು ಎಂದು ಕೇಳುತ್ತೇನೆ.

ಗಾಳಿಪಟ
ನಿಮ್ಮ ಫೈರ್‌ಫಾಕ್ಸ್‌ಗೆ ಊಟ ಹಾಕುವುದು ಯಾರು ಎಂದೂ ಹೇಳಿಬಿಡಿ ಹಾಗಾದರೆ.

ಟಕ್ಸ್_ಪ್ರೇಮಿ
ಗೂಗಲ್. ಮುಚ್ಚಿಡುವಂಥದ್ದೇನಿಲ್ಲ. ತಮ್ಮ ಸರ್ಚನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳಲು ಅವರು ಕೊಡುವ ಹಣವೇ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಆದಾಯದ ದೊಡ್ಡ ಪಾಲು. ಅಮೆರಿಕದ ಕೋರ್ಟು 2024ರ ಆಗಸ್ಟಿನಲ್ಲಿ ಗೂಗಲ್ ಸರ್ಚ್ ಅಕ್ರಮ ಏಕಸ್ವಾಮ್ಯ ಎಂದಾಗ ಜಾಸ್ತಿ ಹೆದರಿದ್ದು ಮೊಜಿಲ್ಲಾದವರೇ ಇರಬೇಕು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಧೀಶರು ಕ್ರೋಮ್ ಮಾರಬೇಕಿಲ್ಲ, ಹಣ ಕೊಡುವುದನ್ನೂ ಪೂರ್ತಿ ನಿಲ್ಲಿಸಬೇಕಿಲ್ಲ, ನಮ್ಮದೊಂದೇ ಇರಬೇಕು ಎಂಬ ಒಪ್ಪಂದ ಮಾತ್ರ ಕೂಡದು ಎಂದರು. ಉಸಿರು ಬಂತು. 2025ರ ಫೆಬ್ರವರಿಯಲ್ಲಿ ಮೊಜಿಲ್ಲಾ ತನ್ನ ಷರತ್ತುಗಳನ್ನು ಬದಲಿಸಿ "ನಿಮ್ಮ ಮಾಹಿತಿ ಎಂದೂ ಮಾರುವುದಿಲ್ಲ" ಎಂಬ ಮಾತು ತೆಗೆದಾಗ ನಾನೂ ಬೈದಿದ್ದೇನೆ. ಬೈದುಕೊಂಡೇ ಬಳಸುತ್ತೇನೆ. ಎರಡನೇ ಹಿಟ್ಟಿನ ಅಂಗಡಿ ಮುಚ್ಚಬಾರದು ಅಂತ.

ದೂರದೂರು
ಜರ್ಮನಿಯಿಂದ. ಐಫೋನ್ ಇರುವವರು ಈ ಜಗಳ ಸುಮ್ನೆ ನೋಡಬಹುದು. ಅಲ್ಲಿ ಕ್ರೋಮ್ ಹಾಕಿದರೂ ಫೈರ್‌ಫಾಕ್ಸ್ ಹಾಕಿದರೂ ಒಳಗೆ ವೆಬ್‌ಕಿಟ್ಟೇ. ಯುರೋಪಿನಲ್ಲಿ 2024ರಿಂದ ಬೇರೆ ಎಂಜಿನ್ ತರಬಹುದು ಎಂದು ಕಾನೂನು ಬಾಗಿಲು ತೆರೆದಿದೆ, ನನ್ನ ಫೋನಿನಲ್ಲಿ ಏನೂ ಬದಲಾಗಿಲ್ಲ. ಯುಬ್ಲಾಕ್ ಲೈಟ್ ಈಗ ಸಫಾರಿಗೂ ಇದೆ, ಅದು ಹಾಕಿಕೊಂಡು ಹಾಯಾಗಿದ್ದೇನೆ. ಆಂಡ್ರಾಯ್ಡ್‌ನವರಿಗೆ ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಯುಬ್ಲಾಕೇ ಸಿಗುತ್ತದೆ. ಅಮ್ಮನ ಫೋನಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿ ಹಾಕಿಸಿದೆ, ಮುಕ್ಕಾಲು ಗಂಟೆ ಹಿಡಿಯಿತು. ಅದರಲ್ಲಿ ಅರ್ಧ ಗಂಟೆ ಪಕ್ಕದ ಮನೆ ಮದುವೆ ಸುದ್ದಿ.

ಒಗ್ಗರಣೆ_ಡಬ್ಬಿ
ಇಷ್ಟು ಹೊತ್ತು ಓದಿ ಸುಮ್ನಿದ್ದೆ, ಈಗ ಹೇಳಿಬಿಡುತ್ತೇನೆ. ನಾನು ಕನ್ನಡದಲ್ಲಿ ಅಡುಗೆ ಬ್ಲಾಗ್ ಬರೆಯುತ್ತೇನೆ. ಏಳು ವರ್ಷವಾಯಿತು. ಹೋಸ್ಟಿಂಗ್, ಡೊಮೇನ್ ಖರ್ಚು ಹೊರಡುವುದು ಜಾಹೀರಾತಿನಿಂದಲೇ. ಮಿಕ್ಕಿದ್ದರಲ್ಲಿ ವರ್ಷಕ್ಕೊಂದು ಕುಕ್ಕರ್ ಬರಬಹುದು, ಅಷ್ಟೇ. ನೀವೆಲ್ಲ ಯುಬ್ಲಾಕ್ ಯುಬ್ಲಾಕ್ ಎಂದು ಹಬ್ಬ ಮಾಡುತ್ತಿದ್ದೀರಿ. ಇಂಗ್ಲಿಷ್ ಸೈಟುಗಳಿಗೆ ಚಂದಾ ಕಟ್ಟುವವರು ಇದ್ದಾರೆ, ಪತ್ರೊಡೆ ಮಾಡುವುದು ಹೇಗೆ ಎಂಬುದಕ್ಕೆ ಯಾರು ಚಂದಾ ಕಟ್ಟುತ್ತಾರೆ? ಕನ್ನಡದಲ್ಲಿ ಬರೆಯುವವರು ಇಲ್ಲ ಎಂದು ಇಲ್ಲೇ ಇನ್ನೊಂದು ಕಡೆ ಕೂತು ಅಳುತ್ತೀರಿ.

ಅಡಿಕೆಮಂಡಿ
ಅಕ್ಕ, ನಿಮ್ಮ ಮಾತು ನಾಟಿತು. ಆದರೆ ಅಪ್ಪನ ಕಡೆಯಿಂದಲೂ ನೋಡಿ. ಪಹಣಿ ಹುಡುಕುವಾಗ ಯಾವುದೋ ಪುಟದಲ್ಲಿ ದೊಡ್ಡದಾಗಿ "ಡೌನ್‌ಲೋಡ್" ಎಂದಿತ್ತು, ಒತ್ತಿದರು. ಅದು ಜಾಹೀರಾತು. ಎರಡು ಬೇಡದ ಪ್ರೋಗ್ರಾಂ ಕೂತವು. ಅಸಲಿ ಬಟನ್ ಕೆಳಗೆ ಸಣ್ಣಕ್ಷರದಲ್ಲಿತ್ತು. ಅವರಿಗೆ ಎಪ್ಪತ್ತೊಂದು, ಅವರಿಗೆ ಅದನ್ನು ಕಲಿಸುವುದಕ್ಕಿಂತ ತಡೆಯುವುದೇ ಸುಲಭ.

ಒಗ್ಗರಣೆ_ಡಬ್ಬಿ
ಅದಕ್ಕೆ ನಾನು ಏನೂ ಹೇಳಲಾರೆ. ಅಂಥವರಿಂದಲೇ ನಮ್ಮ ಹೆಸರೂ ಕೆಡುತ್ತಿದೆ. ಇಷ್ಟಪಟ್ಟು ಓದುವ ಎರಡು ಮೂರು ಕನ್ನಡ ಸೈಟಿಗೆ ಬ್ಲಾಕರ್ ಆಫ್ ಮಾಡಿ ಎಂದಷ್ಟೇ ನನ್ನ ಕೋರಿಕೆ.

ಟಕ್ಸ್_ಪ್ರೇಮಿ
ಮಾಡುತ್ತೇನೆ. ನಿಮ್ಮ ಬ್ಲಾಗ್ ಯಾವುದೆಂದು ಮೆಸೇಜ್ ಮಾಡಿ, ಪತ್ರೊಡೆ ಬೇಕು.

ಕುಡ್ಲದ_ಬಿಸಿಲು
ನಂಗೂ.

ಬೈಟು_ಕಾಫಿ
ಮೂಲ ಪ್ರಶ್ನೆಗೆ ಮರಳೋಣ. ಫ್ಯಾನ್ ಕೂಗುವುದರ ಬಗ್ಗೆ. ಕ್ರೋಮ್ ರ‍್ಯಾಮ್ ತಿನ್ನುತ್ತದೆ ಎಂಬ ಜೋಕ್ ಹಳೆಯದಾಯಿತು. ಒಂದು ಸೈಟಿನ ಕಳ್ಳ ಕೋಡ್ ಪಕ್ಕದ ಟ್ಯಾಬಿನ ಬ್ಯಾಂಕ್ ಮಾಹಿತಿ ನೋಡಬಾರದು ಎಂದು ಒಂದೊಂದು ಸೈಟನ್ನೂ ಬೇರೆ ಬೇರೆ ಪ್ರೋಸೆಸ್‌ನಲ್ಲಿ, ಅಂದರೆ ಬೇರೆ ಬೇರೆ ಪ್ರೋಗ್ರಾಂ ತರ, ಇಡುತ್ತಾರೆ, ಒಂದೊಂದಕ್ಕೂ ಬೇರೆ ರ‍್ಯಾಮ್ ಬೇಕು. ಪ್ರೊಸೆಸರ್ ಚಿಪ್ಪುಗಳ ಸ್ಪೆಕ್ಟರ್ ದೋಷ ಬಯಲಾದ 2018ರಲ್ಲೇ ಕ್ರೋಮ್ ಇದನ್ನು ಎಲ್ಲರಿಗೂ ಹಾಕಿತು, ಫೈರ್‌ಫಾಕ್ಸ್ 2021ರಲ್ಲಿ. ಅಂದರೆ ಎರಡೂ ತಿನ್ನುತ್ತವೆ. 4 ಜಿಬಿಯಲ್ಲಿ ಜಾಹೀರಾತು ತಡೆದರೆ ಕಣ್ಣಿಗೆ ಕಾಣುವಷ್ಟು ಹಗುರಾಗುತ್ತದೆ, ಬ್ರೌಸರ್ ಬದಲಾವಣೆಯಿಂದ ಅಷ್ಟಿಲ್ಲ. 2016ರ ಲ್ಯಾಪ್‌ಟಾಪ್ ಅಂದರೆ ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇರಬೇಕು. ಅದರ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ, ಆಮೇಲೆ ಮಾತಾಡಿ. ಇನ್ನೊಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ವಿಸ್ತರಿತ ಅಪ್‌ಡೇಟ್‌ಗೆ ಸೇರಿಸಿ, ಇಲ್ಲವಾದರೆ ಬ್ರೌಸರ್ ಎಷ್ಟು ಗಟ್ಟಿ ಇದ್ದರೂ ಗೋಡೆಯೇ ಬಿರುಕು.

ಅಡಿಕೆಮಂಡಿ
ಊರಿಗೆ ಹೋಗಿ ಬಂದೆ. ಏನು ಮಾಡಿದೆ ಅಂತ ಹೇಳದಿದ್ದರೆ ತಪ್ಪಾಗುತ್ತದೆ.

ಸಾಗರದಲ್ಲಿ ಎಸ್‌ಎಸ್‌ಡಿ ಹಾಕಿಸಿದೆ. ಬೈಟು ಅವರು ಹೇಳಿದ್ದು ನಿಜ, ಅರ್ಧ ಕಾಯಿಲೆ ಅಲ್ಲೇ ವಾಸಿ. ಕ್ರೋಮ್‌ನ ನೋಟಿಫಿಕೇಶನ್ ಪಟ್ಟಿ ತೆರೆದರೆ ಅರವತ್ತೆರಡು ಸೈಟ್! ಅದರಲ್ಲಿ ಅಪ್ಪನಿಗೆ ಗೊತ್ತಿದ್ದದ್ದು ಮೂರು.

ಆಮೇಲೆ ಸೈಬರ್ ಸೆಂಟರ್ ಅಣ್ಣನ ಮಾತಿನ ಹಾಗೆ ಎರಡು ಬ್ರೌಸರ್ ಇಟ್ಟೆ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಹಾಕಿ, ಅಕ್ಷರ ದೊಡ್ಡದು ಮಾಡಿ, ತೆರೆದ ಕೂಡಲೇ ಇ-ಪೇಪರ್ ಮತ್ತು ಧಾರಣೆ ಪುಟ ಬರುವ ಹಾಗೆ ಮಾಡಿದೆ. ಎಡ್ಜ್ ಹೇಗೂ ಇತ್ತು, ಅದಕ್ಕೆ ಏನೂ ಸೇರಿಸಲಿಲ್ಲ, ಬ್ಯಾಂಕು ಮತ್ತು ಪಹಣಿ ಮಾತ್ರ. ಡೆಸ್ಕ್‌ಟಾಪಿನಲ್ಲಿ ಐಕಾನ್ ಹೆಸರು ಬದಲಾಯಿಸಿ ಒಂದಕ್ಕೆ "ಪೇಪರ್", ಇನ್ನೊಂದಕ್ಕೆ "ಬ್ಯಾಂಕ್" ಎಂದು ಕನ್ನಡದಲ್ಲೇ ಬರೆದೆ. ಫೈರ್‌ಫಾಕ್ಸ್, ಎಡ್ಜ್ ಎಂಬ ಹೆಸರು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಪಾಸ್‌ವರ್ಡ್ ಎಲ್ಲಿ ಉಳಿಸಲಿ ಎಂದು ಕೇಳಿದರೆ ಪಂಚಾಂಗದ ಹಿಂದಿನ ಪುಟ ತೋರಿಸಿದರು. ಅದು ಅಲ್ಲೇ ಇರಲಿ ಎಂದು ಬಿಟ್ಟೆ.

ನನ್ನ ವಿಷಯ? ಆಫೀಸಿಗೆ ಕ್ರೋಮ್, ಮನೆಗೆ ಫೈರ್‌ಫಾಕ್ಸ್. ಹದಿನೈದು ವರ್ಷದ ಅಭ್ಯಾಸ, ಬೆರಳು ಇನ್ನೂ ಹಳೇ ಐಕಾನ್ ಕಡೆಗೇ ಹೋಗುತ್ತದೆ.

ಸೈಬರ್_ಸೆಂಟರ್_ಅಣ್ಣ
ಐಕಾನಿಗೆ ಕೆಲಸದ ಹೆಸರು ಇಟ್ಟದ್ದು ಭಾರಿ ಆಯ್ತು. ನಾಳೆಯೇ ನಮ್ಮ ಅಂಗಡಿಯಲ್ಲೂ ಮಾಡುತ್ತೇನೆ, ಹೊಸ ಹುಡುಗ ದಿನಾ ತಪ್ಪು ಬ್ರೌಸರ್ ತೆರೆಯುತ್ತಾನೆ.

ಅಡಿಕೆಮಂಡಿ
ಒಂದು ದೂರು ಮಾತ್ರ ಬಂದಿದೆ, ಅಮ್ಮನಿಂದ. ಪೇಪರ್ ಪಕ್ಕದಲ್ಲಿ ದಿನಾ ಸೀರೆ ಚಿತ್ರ ಬರುತ್ತಿತ್ತಂತೆ, ಅಪ್ಪನ ಹಿಂದೆ ನಿಂತು ನೋಡುತ್ತಿದ್ದರಂತೆ. ಈಗ ಅಲ್ಲಿ ಬಿಳಿ ಜಾಗ. "ಏನೋ ಕೆಡಿಸಿ ಹೋದ ಇವನು" ಅನ್ನುತ್ತಿದ್ದಾರೆ.

ಒಗ್ಗರಣೆ_ಡಬ್ಬಿ
ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.